ಐದು ಲೀಟರ್ ಗಾಳಿ

ಟಾಡ್‌ಮೊರ್ಡನ್ನಿನ ಕಾಲುವೆಯಲ್ಲಿ ಕಟ್ಟಿಹಾಕಿದ ದೋಣಿಮನೆ.
ಅಗಲ ಏಳಡಿಗೆ ಎರಡಂಗುಲ ಕಮ್ಮಿ.
ಒಳಗೆ ಮಡಚುವ ಮೇಜು, ಮಂಚ, ಮೇವಿಸಳ ಹೊಲಿಗೆ ಮಿಷನ್ನು,
ಗುಂಯ್‌ಗುಟ್ಟುವ ಆಮ್ಲಜನಕದ ಯಂತ್ರ,
ಆಮೇಲೆ ಹೆಡ್ಲಿ ಗ್ರೀನ್‌ವುಡ್.
ಉಳಿದದ್ದು ಗೋಡೆಯಲ್ಲೊಂದು ಗೂಡು:
"ಇದರಲ್ಲಿ ಕೂರುವಂಥ ಎರಡು ಸ್ಪೀಕರ್ ಮಾಡಿಕೊಡು.
ಆದರೆ ಟ್ಯೂಬಾ ಟ್ಯೂಬಾದ ಹಾಗೇ ಕೇಳಬೇಕು,
ಡಬ್ಬದೊಳಗಿನ ಜೀರುಂಡೆಯ ಹಾಗಲ್ಲ."

ಮೂವತ್ತೊಂದು ವರ್ಷ ಊರ ಬ್ಯಾಂಡಿನಲ್ಲಿ ಟ್ಯೂಬಾ ಊದಿದವನು.
ಈಗ ಚಹಾ ಆರಿಸಿಕೊಳ್ಳಲು ಊದುವಾಗಲೂ
ನಡುವೆ ಒಮ್ಮೆ ನಿಲ್ಲುತ್ತಾನೆ.
ನಾಗವೇಣಿ ಎನ್ನಲು ಉಸಿರು ಸಾಲದೆ
ನನ್ನನ್ನು ವೇಣಿ ಎನ್ನುತ್ತಾನೆ.

ಗೂಡು ಅಳೆದೆ. ಹಲಗೆಯ ದಪ್ಪ ಕಳೆದೆ.
ಪೆಟ್ಟಿಗೆಯೊಳಗೆ ಉಳಿದದ್ದು ಐದು ಲೀಟರ್ ಗಾಳಿ.
ಸಂಬಳದ ದಿನವೇ ಸಾಲಗಾರರು ಬಾಗಿಲಿಗೆ ಬಂದ ಹಾಗೆ
ಅಯಸ್ಕಾಂತ ಬಂತು, ಅರ್ಧ ಲೀಟರ್ ತಿಂದಿತು.
ಅಡ್ಡಪಟ್ಟಿ ಒಂದು ಪಾವು ಕೇಳಿತು.
ತಂತಿಸುರುಳಿ, ಕೆಪಾಸಿಟರ್, ಅಂಟು, ತಿರುಪು —
ಚಿಲ್ಲರೆ ಚಿಲ್ಲರೆಯಾಗಿ ಗಾಳಿ ಖರ್ಚು.

ಹದಿನೆಂಟು ಮಿಲಿಮೀಟರಿನ ಹಲಗೆ ಬಿಟ್ಟು
ಹನ್ನೆರಡರ ಬರ್ಚ್ ಹಿಡಿದೆ.
ಅಡ್ಡಪಟ್ಟಿ ತೆಗೆದು, ಅಯಸ್ಕಾಂತದ ಬೆನ್ನಿಗೆ
ಒಂದೇ ಒಂದು ಗೂಟ ಕೊಟ್ಟೆ, ಹಿಂಗೋಡೆಗೆ ಒತ್ತಿ.
ಸುರುಳಿಗಳನ್ನು ಹೊರಹಾಕಿದೆ. ಗೂಡಿನ ಹಿಂದಿನ ಸಂದಿಯಲ್ಲಿ
ಮುಖ ಮುಖ ನೋಡದ ಓರಗಿತ್ತಿಯರಂತೆ
ಒಂದು ಮಲಗಿದೆ, ಒಂದು ನಿಂತಿದೆ.
ಹಾಗಿದ್ದರೇ ಒಬ್ಬರ ಮಾತು ಇನ್ನೊಬ್ಬರಿಗೆ ತಾಗುವುದಿಲ್ಲ.

ಗಾಳಿಯ ಕೊಳವೆ ಮಾತ್ರ ಹಟಮಾರಿ.
ಅದಕ್ಕೆ ಬೇಕು ಒಂದು ಗೇಣು, ಪೆಟ್ಟಿಗೆಯ ಆಳ ಮುಕ್ಕಾಲು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು;
ಚಾಚಲೇಬೇಕಾದ ಕಾಲಿಗೆ ಏನೂ ಹೇಳಲಿಲ್ಲ.
ನಲ್ಲಿ ಸಾಮಾನಿನ ಅಂಗಡಿಯಿಂದ ಮೊಣಕೈ ತಂದು
ಮಡಚಿ ಕೂರಿಸಿದೆ.

ರಾತ್ರಿ ಶೆಡ್ಡಿನಲ್ಲಿ ಹಚ್ಚಿ ಕೇಳಿದರೆ
ತಗ್ಗಿನ ಸ್ವರ ಬಂದಾಗಲೆಲ್ಲ ಕೊಳವೆಯ ಬಾಯಲ್ಲಿ
ಫಸ್... ಫಸ್...
ಯಾರ ಉಸಿರು ಅದೆಂದು ತಿಳಿಯಿತು.
ಇದನ್ನು ಆ ದೋಣಿಗೆ ಒಯ್ಯುವುದೆಂತು?

ಬೆಳಗ್ಗೆ ಕೊಳವೆ ಕಿತ್ತೆ. ತೂತು ಮುಚ್ಚಿದೆ.
ಗುಡ್ಡದ ಮೇಲಿನ ಫಾರ್ಮಿನಿಂದ ಉಣ್ಣೆ ತಂದು
ಕುರಿವಾಸನೆ ಹೋಗುವ ತನಕ ಮೂರು ನೀರಿನಲ್ಲಿ ತೊಳೆದು
ಒಣಗಿಸಿ, ಹಿಂಜಿ, ತುಂಬಿದೆ.

ತುಂಬಿದರೆ ಜಾಗ ಕಮ್ಮಿಯಾಗಬೇಕು ತಾನೆ?
ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ,
ಬಿಸಿಯಾದದ್ದು ಬಿಗಿಯುತ್ತದೆ;
ಉಣ್ಣೆ ಆ ಕಾವನ್ನು ಎತ್ತಿಕೊಳ್ಳುತ್ತದೆ,
ರಚ್ಚೆ ಹಿಡಿದ ಕೂಸನ್ನು ಯಾರೋ ಸೊಂಟಕ್ಕೇರಿಸಿಕೊಂಡ ಹಾಗೆ.
ಗಾಳಿ ಮೆದುವಾಗುತ್ತದೆ.
ನಾಲ್ಕು ಲೀಟರಿನ ಪೆಟ್ಟಿಗೆ
ತನ್ನನ್ನು ಹೆಚ್ಚುಕಡಿಮೆ ಐದೆಂದು ನಂಬುತ್ತದೆ.

ಹೆಡ್ಲಿಗೆ ಇದನ್ನು ಹೇಳಿದೆ. ನಕ್ಕ, ನಗೆ ಕೆಮ್ಮಾಯಿತು.
"ಹಾಗಾದರೆ ನನಗೂ ಒಂದು ಹಿಡಿ ತುಂಬಿಬಿಡು."
ಮೇವಿಸ್ ನಗಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಡಿದಳು.

ಕ್ಯಾಸೆಟ್ಟು ಹಾಕಿದ. ಎಂಬತ್ತಮೂರರ ನವೆಂಬರಿನಲ್ಲಿ
ಯಾವುದೋ ಚರ್ಚಿನಲ್ಲಿ ಹಿಡಿದದ್ದು, ಯಾರೋ ಸೀನಿದ್ದೂ ಇದೆ.
ತೀರಾ ಕೆಳಗಿನ ಸ್ವರ ಬರಲಿಲ್ಲ, ಸುಳ್ಳು ಯಾಕೆ;
ಆದರೆ ಬೀಳಲಿಲ್ಲ, ಮೆಟ್ಟಿಲಿಳಿದು ಕತ್ತಲಿಗೆ ಹೋಯಿತು.
ಹೆಡ್ಲಿ ಅದನ್ನು ಹುಡುಕುತ್ತಲೂ ಇರಲಿಲ್ಲ.
ಎರಡು ಸಾಲಿನ ನಡುವೆ ಬೆರಳೆತ್ತಿದ:
"ಅಲ್ಲಿ. ಕೇಳಿತಾ?"
ನನಗೆ ಕೇಳಲಿಲ್ಲ. ಹಿಂದಕ್ಕೆ ತಿರುಗಿಸಿದ.
"ಅಲ್ಲಿ. ಅದು ನಾನು, ಉಸಿರು ಎಳಕೊಂಡದ್ದು.
ಒಂದೇ ಸಲಕ್ಕೆ. ಅಷ್ಟೂ."

ಪಕ್ಕದಲ್ಲಿ ಇನ್ನೊಂದು ದೋಣಿ ಹಾದುಹೋಯಿತು.
ನಮ್ಮದು ಒಂದಿಷ್ಟು ಎದ್ದು, ಒಂದಿಷ್ಟು ಕೂತಿತು.
ಮೂರನೇ ಸಲ ಹಿಂದಕ್ಕೆ ತಿರುಗಿಸಿದವಳು
ಮೇವಿಸ್.