ಹಿಂಗಣ್ಣು

ಕೋವಿಗೆ ಎರಡು ಗುರಿ. ನಳಿಗೆಯ ತುದಿಗೊಂದು ಮೊನೆ,
ಕಣ್ಣಿನ ಹತ್ತಿರ ಒಂದು ಕಚ್ಚು.
ಕಚ್ಚನ್ನು ನೋಡಬಾರದು, ಅದರೊಳಗಿಂದ ನೋಡಬೇಕು;
ಮೊನೆ ಚೂಪಾದಾಗ ಅದು ಮಸುಕಾಗಲೇಬೇಕು.
ಹಾಗೆ ಮಸುಕಾಗುವುದನ್ನೇ ದಿಟ್ಟಿಸಿ ದಿಟ್ಟಿಸಿ
ಮೂವತ್ತೊಂದು ವರ್ಷ ಹೊಟ್ಟೆ ಹೊರೆದವನು ನಾನು,
ಕಾಂಗ್ಸ್‌ಬರ್ಗಿನ ಸೇತುವೆ ಪಕ್ಕದ ಓಣಿಯಲ್ಲಿ.

ಫೆಬ್ರವರಿ. ನೂಮೆದಾಲದ ಬಸ್ಸಿಳಿದು
ಗೂಡ್‌ವೈಗ್ ತ್ವೈಟನ್ ಬಂದರು,
ಹೂವಿನ ಹಾಸುಬಟ್ಟೆಯಲ್ಲಿ ಸುತ್ತಿದ ಕೋವಿ
ಕಂಕುಳಲ್ಲಿ, ಮಡಚಿದ ಕೊಡೆಯ ಹಾಗೆ.
"ಅಜ್ಜನದು. ಈ ಹಿಂಗಣ್ಣು ಯಾವುದೆಂದು
ಆಸ್ಲೋದವರಿಗೂ ತಿಳಿಯಲಿಲ್ಲ."

ಕೋವಿ ನನಗೆ ಗೊತ್ತಿರುವುದೇ. ಸೈನ್ಯದ ಹಳೆಯ ಸರಕು,
ಹಿಂದಿನಿಂದ ಮದ್ದು ತುಂಬುವ ಜಾತಿ,
ಹೊಡೆಯುವ ಸುತ್ತಿಗೆ ಹೊಟ್ಟೆಯಡಿಗೆ.
ಆದರೆ ಈ ಕಣ್ಣು?
ಏಣಿಯಿಲ್ಲ, ಅಂಕಿಯಿಲ್ಲ, ತಿರುಪಿಲ್ಲ.
ಕಪ್ಪು ತಗಡನ್ನು ಮೊಣಕಾಲಂತೆ ಮಡಿಸಿ ನಿಲ್ಲಿಸಿದ್ದು,
ನೆತ್ತಿ ತುಸು ದುಂಡಗೆ,
ಎಡಕ್ಕೆ ವಾಲಿದ ಕಚ್ಚು, ಹಲ್ಲಿನಲ್ಲಿ ಉಗುರು ಕಡಿದ ಹಾಗೆ.

ಡೇನರ ನೌಕಾಪಡೆಯದು, ಅಂದುಬಿಟ್ಟೆ. ಜಂಬದಿಂದಲೇ.
ಪುಸ್ತಕ ತೆಗೆದೆ. ಅಲ್ಲ.
ಸ್ವೀಡನ್ನಿನದು ಇರಬಹುದು. ಅದೂ ಅಲ್ಲ.
ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹನ್ನೊಂದು ಪುಟ ಜಾಲಾಡಿದೆ.
ಕಾಫಿಗೆ ಸಕ್ಕರೆ ಇದೆಯೇ, ಕೇಳಿದರು ಆಕೆ.
ಇತ್ತು. ಚಮಚ ಹುಡುಕುವುದಕ್ಕೇ ಹೊತ್ತಾಯಿತು.

ಹಿತ್ತಾಳೆಯ ಕಡ್ಡಿ ಇಟ್ಟು ಎಡದಿಂದ ಬಲಕ್ಕೆ ತಟ್ಟಬೇಕು,
ನಮ್ಮ ಕಸುಬಿನ ಮೊದಲ ಪಾಠ.
ಮೂರನೆಯ ಪೆಟ್ಟಿಗೆ ತೋಡಿನಿಂದ ಜಾರಿ ಅಂಗೈಗೆ ಬಂತು.
ಬೆರಳೆಲ್ಲ ಮಸಿ. ಮಸಿಯಡಿ ಬಿಳುಪು.
ಈ ಊರು ಹುಟ್ಟಿದ್ದೇ ಬೆಳ್ಳಿಯ ಗಣಿಯಿಂದ,
ಆದರೂ ಗುರುತು ಹಿಡಿಯಲು ತಡವರಿಸಿದೆ.
ಬೆಳ್ಳಿಯಲ್ಲಿ ಯಾರಾದರೂ ಹಿಂಗಣ್ಣು ಮಾಡುತ್ತಾರೆಯೇ?
ಬಿಸಿಲು ತಾಗಿದರೆ ಕಣ್ಣು ಕುಕ್ಕುತ್ತದೆ.
ಅದಕ್ಕೇ ಪ್ರತಿ ಬೇಟೆಗೂ ಮುಂಚೆ
ದೀಪದ ಮಸಿ ಹಿಡಿದಿದ್ದಾನೆ ಮುದುಕ, ಪದರದ ಮೇಲೆ ಪದರ.

ಮಗುಚಿದೆ. ನಳಿಗೆಗೆ ಒತ್ತಿಕೊಂಡಿದ್ದ ಪಾದದಡಿ
ಬಳ್ಳಿಯಂಥ ಓರೆ ಅಕ್ಷರ: ರಾಗ್ನ್‌
ಮುಂದಿನದನ್ನು ಗರಗಸ ತಿಂದಿದೆ.

ಕೂಸಿಗೆ ಚರ್ಚಿನಲ್ಲಿ ಹೆಸರಿಟ್ಟ ದಿನ
ಹಿಡಿಯ ಮೇಲೆ ಹೆಸರು ಕೆತ್ತಿಸಿ ಬೆಳ್ಳಿ ಚಮಚ ಕೊಡುವುದು ನಮ್ಮಲ್ಲಿ ವಾಡಿಕೆ.
ರಾಗ್ನ್‌ಹಿಲ್ಡ್? ರಾಗ್ನಾರ್? ಬರೀ ರಾಗ್ನಾ?
ಗೂಡ್‌ವೈಗ್ ಬೆರಳು ಮಡಿಸಿ ಎಣಿಸಿದರು:
ಹಲ್‌ವರ್, ಸಿಗ್ನೆ, ನನ್ನಪ್ಪ ತಾರ್‌ಗ್ರಿಮ್, ಚಿಕ್ಕಪ್ಪ ಎಯ್‌ವಿಂಡ್.
ಕಿರುಬೆರಳು ಮಡಿಯದೆ ಹಾಗೇ ನಿಂತಿತು.
"ಚರ್ಚಿನ ದಾಖಲೆ ನೋಡಬಹುದು," ಅಂದೆ.
"ನೋಡಬಹುದು," ಅಂದರು. ಸಕ್ಕರೆ ಕಲಕಿದರು,
ಅದು ಆಗಲೇ ಕರಗಿತ್ತು.

ಬೆಲೆ ಕೇಳಿದರು. ಸುಳ್ಳು ಹೇಳಲಿಲ್ಲ.
ಮೂಲದ ಕಣ್ಣಿದ್ದರೆ ಹದಿನೆಂಟು ಸಾವಿರ ಕ್ರೋನ,
ಹೀಗೆ ಕೈಯಾಡಿಸಿದ್ದಕ್ಕೆ ಅದರರ್ಧ.
ನನ್ನ ಡಬ್ಬಿಯಲ್ಲಿ ಮೂಲದ್ದೊಂದಿದೆ, ಕೂರಿಸಿಕೊಡಲೇ?
ಮೂಗಿನಲ್ಲೇ ನಕ್ಕರು.
"ಇದನ್ನೇ ಕೂರಿಸಿ. ಹೆಸರು ಕೆಳಗೇ ಇರಲಿ,
ಅಜ್ಜ ಇಟ್ಟ ಹಾಗೆ."

ಬಲದಿಂದ ಎಡಕ್ಕೆ ತಟ್ಟಿದೆ, ಹಳೆಯ ಗೀರಿಗೆ ಗೀರು ಕೂಡುವ ತನಕ.
ಮೇಣದ ಬತ್ತಿ ಹಚ್ಚಿ ಹೊಸ ಮಸಿ ಹಿಡಿಸಿದೆ.
ಚೀಟಿಯಲ್ಲಿ ಮಾದರಿ ಎಂಬಲ್ಲಿ
ಚಮಚ ಎಂದು ಬರೆದು, ಹೊಡೆದುಹಾಕಿ,
ಖಾಲಿ ಬಿಟ್ಟೆ.

ಕೊಡುವ ಮೊದಲು ಒಮ್ಮೆ ಕೆನ್ನೆಗಿಟ್ಟು
ಕಿಟಕಿಯಾಚೆ ಲೋಗೆನ್ ಹೊಳೆಯ ಹಿಮಗಡ್ಡೆಯತ್ತ ಹಿಡಿದೆ.
ಕತ್ತು ತುಸು ಎಡಕ್ಕೆ ವಾಲಿಸಿದರೆ ಮಾತ್ರ ಗುರಿ ಕೂಡುತ್ತದೆ,
ಸೊಂಟದೆತ್ತರದ ಯಾರೋ ಏನೋ ಹೇಳಹೊರಟಾಗ
ನಾವು ಕಿವಿ ಕೊಡುವ ಹಾಗೆ.
ಮೊನೆ ಚೂಪಾಯಿತು. ಹತ್ತಿರದ್ದು ಮಸುಕಾಯಿತು.

"ಐದೂ ಹತ್ತಕ್ಕೆ ನನ್ನ ಬಸ್ಸು," ಅಂದರು ಗೂಡ್‌ವೈಗ್,
ಹಾಸುಬಟ್ಟೆಯ ಎರಡು ತುದಿ ಹಿಡಿದು ನಿಂತು.
ಇನ್ನೆರಡು ತುದಿ ನಾನು ಹಿಡಿದೆ.