ಅಂಕಾರಾದ ಚಹಾದವನು

ನೆವ್ಜತನ ಹರಿವಾಣದಲ್ಲಿ ಆಗ
ಹನ್ನೊಂದು ನಡುಸಣ್ಣ ಲೋಟ.
ಒಬ್ಬರಿಗೆ ಸಕ್ಕರೆ ಎರಡು ತುಂಡು, ಒಬ್ಬರಿಗೆ ಬೇಡ,
ಬೆಂಬಲ ಕೊಟ್ಟ ಸಣ್ಣ ಪಕ್ಷದವರಿಗೆ
ಎಷ್ಟು ಹಾಕಿದರೂ ಸಾಲದು.
ಚಹಾ ಆರುವುದರೊಳಗೆ
ಸರ್ಕಾರ ಬಿದ್ದದ್ದೂ ಉಂಟು.
ಬಿದ್ದವರ ಬಾಕಿ ಬಂದವರು ಕೊಡರು,
ಉದ್ದರಿ ಪುಸ್ತಕ ಉಬ್ಬುತ್ತಲೇ ಇತ್ತು.

ಈಗ ಪ್ರಧಾನಿಯ ಬಾಗಿಲಿಗೆ ಫಲಕವಿಲ್ಲ,
ನಾಲ್ಕು ಮೊಳೆತೂತು.
ಅಧ್ಯಕ್ಷರ ಕಚೇರಿಗೆ ಒಂದೇ ಲೋಟ,
ಐದು ವರ್ಷ ಖಾತ್ರಿ. ಬಾಕಿಯೂ ಇಲ್ಲ.
“ಹಾಯಾಯಿತಲ್ಲ” ಎನ್ನುತ್ತಾಳೆ ಸೆವಿಮ್,
ಅವನ ಕಾಲಿಗೆ ಎಣ್ಣೆ ತಿಕ್ಕುತ್ತ.

ಹೌದು, ಹಾಯಿ.

ನಿನ್ನೆ ಮಾತ್ರ ಸೊಪ್ಪು ಹೆಚ್ಚು ಕುದಿದು
ಚಹಾ ಕಹಿಯಾಗಿತ್ತು. ಅವನಿಗೇ ಗೊತ್ತು.
ಬೈಗುಳಕ್ಕೆ ಕಾದು ನಿಂತ.
ಕುಡಿದವರು ಒಳಗೇ ಉಳಿದರು;
ಬಾಗಿಲಲ್ಲಿ ನಿಂತವರೆಲ್ಲ
ಲೋಟ ಮುಟ್ಟದೆಯೇ
“ಆಹಾ, ಏನು ರುಚಿ!” ಎಂದರು.