ಅಕ್ಕಿ ಡಬ್ಬ್ಯಾಗಿನ ಬಳಿ

ಮೊದಲ ಕಿವುಡ ಅಂದಿದ್ವಿ.
ಸಂಗನಬಸೂ, ಸಂಗ್ಯಾ, ಎಪ್ಪಾ,
ಹೆಂಗ ಕರದ್ರೂ ತಿರಗ್ತಿರಲಿಲ್ಲ.
ದೊಡ್ಡ ದವಾಖಾನ್ಯಾಗ ಕಿವಿಗೆ ಮಷೀನು ಹಚ್ಚಿ
ಡಾಕ್ಟರಮ್ಮ ಕೊಂಕಣಿ, ಹಿಂದಿ ಕೂಡಿಸಿ ಹೇಳಿದ್ಲು:
ಇವಗ ಕೇಳಸ್ತೈತಿ ಬಾಯಿ, ನಿನಗಿಂತ ಭಾಳ.

ಆಮ್ಯಾಲೆ ನಾ ಕೇಳಾಕ ಕಲತೆ.
ವಾಸ್ಕೋದ ಬೈನಾದಾಗ ನಮ್ಮದೊಂದು ತಗಡಿನ ಖೋಲಿ.
ಹಳೇ ಫ್ರಿಜ್ಜು ಗುರ್ ಅಂತೈತಿ, ನಡುಗಿ ಸುಮ್ಮನಾಗಿ
ಮತ್ತ ಗುರ್ ಅಂತೈತಿ.
ಟ್ಯೂಬ್‌ಲೈಟಿನಾಗ ಒಂದು ನೊಣ, ಆದ್ರ ನೊಣ ಇಲ್ಲ.
ಗ್ವಾಡಿ ಆಚೆ ಹಸೀನಾಬಿ ಉಳ್ಳಾಗಡ್ಡಿ ಹೆಚ್ಚತಾಳ.
ನೆತ್ತಿ ಮ್ಯಾಲೆ ದಾಬೋಳಿ ಇಮಾನ
ತಗಡಿನ ಜಂಗು ಉದುರಿಸಿ ಹೊಕ್ಕೈತಿ.
ಇಷ್ಟರ ನಡುವ ‘ಸಂಗನಬಸೂ’ ಅನ್ನೂದು
ಸಂತ್ಯಾಗ ಬಿದ್ದ ನಾಕಾಣೆ.
ಎಲ್ಲಿ ಹುಡಕ್ಯಾನು ಕೂಸು?

ಪಾವ್ ಮಾರೂ ಪೊದೇರನ ಪೋಂ ಪೋಂಗೆ
ನೆಲಕ್ಕ ಹಣಿ ಚಚ್ಚಿಕೊಂಡ ದಿನಾ
ಓಣಿ ಮಂದಿ ಅಂದ್ರು: ಗಾಳಿ ಸೋಕೇತಿ, ಲಿಂಬಿಹಣ್ಣು ನಿವಾಳಸು.
ನಿವಾಳಿಸಿದೆ. ಲಿಂಬಿಹಣ್ಣು ಸಪ್ಪಳಾ ಮಾಡಲಿಲ್ಲ,
ಅದರಿಂದ ಆದ ಉಪಕಾರ ಅಷ್ಟ.
ಪೊದೇರ ಕಾಯ್ತಾನನ ಕೈಕಾಲು ಹಿಡದೆ.
ಈಗ ಅಂವ ನಮ್ಮ ತಿರುವಿನಾಗ ಸೈಕಲ್ ಇಳದು
ನೂಕ್ಕೊಂತ ಬರ್ತಾನ,
ಕಿಟಿಕ್ಯಾಗ ನಾಕು ಪಾವ್ ಇಟ್ಟು
ನೂಕ್ಕೊಂತ ಹೋಗ್ತಾನ.
ಫ್ರಿಜ್ಜು ರಾತ್ರಿ ಬಂದ್. ಹಾಲು ಒಡೀತಾವ. ಒಡೀಲಿ.

ಆದರೂ ನಾ ಹತ್ರ ಹ್ವಾದ್ರ ಕಿವಿ ಮುಚ್ಚತಿದ್ದ.
ನನಗ್ಯಾಕೋ? ಹಡದಾಕಿ ನಾ.
ವರ್ಷಾ ಹಿಡೀತು ಗೊತ್ತಾಗಾಕ:
ತಲಿ ಸವರಾಕ ಎತ್ತಿದ ಕೈಯಾಗ
ಡಜನ್ ಹಸರ ಬಳಿ.

ತಗದೆ. ಸೋಪು ಹಚ್ಚಿ, ಒಂದೊಂದ.
ಗಜೇಂದ್ರಗಡದಿಂದ ಅತ್ತಿ ಫೋನಿನಾಗ ಅತ್ಲು:
ನನ್ನ ಮಗಾ ಇನ್ನೂ ಬದಕ್ಯಾನಿಲ್ಲೇನ?
ಬದಕ್ಯಾನ. ಬಂದರದಾಗ ಕಲ್ಲಿದ್ದಲಾ ತುಂಬಿ ಬಂದು
ನನ್ನ ಬರೀ ಕೈ ನೋಡಿ ಏನೂ ಅನಲಿಲ್ಲ.
ಉಣ್ಣಾಕ ಕುಂದ್ರುವಾಗ
ತಾಟಿನ ಕೆಳಗ ಟವೆಲ್ ಹಾಸಿಕೊಂಡ.

ತಗದ ಬಳಿ ಕಾಣವಲ್ಲವು.
ಹಾಸಿಗಿ ಜಾಡಿಸಿದೆ, ಹಸೀನಾಬಿ ಮ್ಯಾಲೂ ಒಂದು ಗಳಿಗಿ ಸಂಶೆ ಪಟ್ಟೆ.
ನಾಕನೇ ದಿನಾ ಅಕ್ಕಿ ಅಳಿಯಾಕ ಕೈ ಹಾಕಿದ್ರ
ಡಬ್ಬ್ಯಾಗ ಒಂದು ಬಳಿ, ಸಸಿ ಹಚ್ಚಿದಂಗ, ಅರ್ಧ ಮುಳುಗಿ.
ಬಾಜೂಕ, ಒಂದು ಬಟ್ಟು ಬಿಟ್ಟು, ಇನ್ನೊಂದು.
ಹನ್ನೆರಡೂ.
ಒಂದಕ್ಕೊಂದು ತಾಗದಂಗ.

ಹಂಗ ಬಿಟ್ಟೇನಿ.
ದಿನಾ ಅವುಗಳ ನಡುವ ಬೆರಳು ತೂರಿಸಿ ಅಕ್ಕಿ ತಗೀತೀನಿ.
ಅಂವ ಬಾಗಲ್ದಾಗ ನಿಂತು ನೋಡ್ತಿರತಾನ,
ಎರಡೂ ಕೈ ಕೆಳಗ.